ಉಲ್ಟಾ ಅಕ್ಷರ ಓದುವ ಅವ್ವ

ಅಣ್ಣಿಗೇರಿ ಇನ್ನೂ ಏಳೆಂಟು ಕಿಲೋಮೀಟರ್ ಇರಬಹುದು, ಅವ್ವ ಇದ್ದಕ್ಕಿದ್ದಂತೆ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಅಂದಳು.

ದೇವರ ಹೆಸರು ತೆಗೆದುಕೊಂಡಳೇನೋ ಅಂದುಕೊಂಡೆ. ಸ್ವಲ್ಪ ಬಿಟ್ಟು "ತಾಯಿಯ ಆಶೀರ್ವಾದ" ಅಂದಳು. ಎದುರಿಗೆ ನೋಡಿದೆ. ರಸ್ತೆ ಖಾಲಿ. ಒಂದು ಕಡೆ ಕಡಲೆ ಹೊಲ, ಇನ್ನೊಂದು ಕಡೆ ಎದೆಮಟ್ಟ ಬೆಳೆದ ಬಿಳಿಜೋಳ. ಗುಡಿ ಇಲ್ಲ, ಬೋರ್ಡಿಲ್ಲ.

"ಎಲ್ಲಿ ಐತಿ ಅವ್ವಾ?"

ಅವಳು ತನ್ನ ಕಡೆಯ ಕನ್ನಡಿಗೆ ಬೆರಳು ಮಾಡಿದಳು. ಹತ್ತಿ ಅಂಡಿಗೆ ಹೇರಿಕೊಂಡ ಒಂದು ಲಾರಿ ನಮ್ಮ ಹಿಂದೆ ಬರುತ್ತಿತ್ತು. ಅದರ ಹಣೆಯ ಮೇಲೆ ಬರೆದದ್ದನ್ನು ಅವಳು ಕನ್ನಡಿಯಲ್ಲಿ ಓದಿದ್ದಳು. ನಾನು ನನ್ನ ಕಡೆಯ ಕನ್ನಡಿಯಲ್ಲಿ ನೋಡಿದೆ. ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು, ನನಗೆ 'ಶ್ರೀ' ಬಿಟ್ಟು ಏನೂ ಹತ್ತಲಿಲ್ಲ.

"ಉಲ್ಟಾ ಕಾಣಸ್ತೈತಲ್ಲ, ಹೆಂಗ ಓದಿದಿ?"

"ಉಲ್ಟಾ ಎಲ್ಲೈತಿ? ನೆಟ್ಟಗ ಐತಿ," ಅಂದಳು. ಆಮೇಲೆ ಅವಳಿಗೇ ಹೊಳೆಯಿತು. "ಓ, ನಿಮಗ ಉಲ್ಟಾ. ನನಗ ನಮ್ಮಪ್ಪ ಕಲಿಸ್ಯಾನ."

ನನಗೆ ನಲವತ್ತಾರು ವರ್ಷ. ಇಷ್ಟು ವರ್ಷದಲ್ಲಿ ಅವ್ವನಿಗೆ ಇಂಥದ್ದೊಂದು ವಿದ್ಯೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅವಳೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅವಳಿಗೆ ಅನಿಸಿಯೇ ಇರಲಿಲ್ಲ.

ಈ ಪ್ರವಾಸ ಶುರುವಾದದ್ದೇ ಕಣ್ಣಿನಿಂದ. ನವೆಂಬರಿನಲ್ಲಿ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು, ಮೊದಲು ಬಲಗಣ್ಣು, ಮೂರು ವಾರ ಬಿಟ್ಟು ಎಡಗಣ್ಣು. ಅವಳಿಗೆ 72 ವರ್ಷ. ಕಣ್ಣು ಮಂಜಾದದ್ದನ್ನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಪೇಪರ್ ಓದುವುದು ಬಿಟ್ಟಿದ್ದಳು. ಕೇಳಿದರೆ "ಏನ್ ಇರತೈತಿ ಅದರಾಗ, ದಿನಾ ಅದ ಸುದ್ದಿ" ಅನ್ನುತ್ತಿದ್ದಳು. ನಾವು ನಂಬಿದೆವು. ಓದದೆ ಒಂದು ದಿನವೂ ಇರದ ಹೆಂಗಸು ಪೇಪರ್ ಬಿಟ್ಟಳು ಅಂದರೆ ಏನೋ ಆಗಿದೆ ಅಂತ ನನಗೆ ತಿಳಿಯಬೇಕಿತ್ತು. ಇದು ಈಗಲೂ ಚುಚ್ಚುತ್ತದೆ.

ಪಟ್ಟಿ ಬಿಚ್ಚಿದ ಮೇಲೆ ಅವಳು ಓದಿದ್ದನ್ನು ನೋಡಬೇಕಿತ್ತು ನೀವು. ಉಪ್ಪಿನ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ, ಕರೆಂಟ್ ಬಿಲ್ಲು, ಗೋಡೆಗೆ ಅಂಟಿಸಿದ ನಾಟಕದ ಪೋಸ್ಟರು, ಮೊಮ್ಮಗನ ಇತಿಹಾಸದ ಪುಸ್ತಕ, ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಎಣ್ಣೆ ಹತ್ತಿದ ತುಂಡು. ಹಸಿದವರು ಉಂಡ ಹಾಗೆ. ಹಾಗೆ ಓದುತ್ತಾ ಓದುತ್ತಾ ಒಂದು ದಿನ "ಗದಗಿಗೆ ಒಮ್ಮೆ ಹೋಗಿ ಬರೂಣೇನು? ಕಣ್ಣ ಬಂದಾವ, ನೋಡಿ ಬರೂಣು" ಅಂದಳು.

ಹುಬ್ಬಳ್ಳಿಯಿಂದ ಗದಗ ಅರವತ್ತು ಕಿಲೋಮೀಟರ್ ಕೂಡ ಇಲ್ಲ. ಅವಳ ತವರು. ಮಾಮಾ ಮನೆ ಮಾರಿ ಮಗನ ಹತ್ತಿರ ಹೋದ ಮೇಲೆ ಅಲ್ಲಿ ನಮಗೆ ಹೋಗಿ ಇಳಿಯುವ ಬಾಗಿಲು ಉಳಿಯಲಿಲ್ಲ. ಯಾರದಾದರೂ ಮದುವೆಗೆ ಹೋದರೆ ಕಲ್ಯಾಣ ಮಂಟಪ, ಅಕ್ಕಿಕಾಳು, ಊಟ, ಮತ್ತೆ ಬಸ್ಸು. ಅಷ್ಟೇ ಗದಗ. ಅವ್ವ ಮಾತ್ರ ಇವತ್ತಿಗೂ ವಿಳಾಸ ಹೇಳುವಾಗ 'ಗದಗ, ಜಿಲ್ಲಾ ಧಾರವಾಡ' ಅನ್ನುತ್ತಾಳೆ. 1997ರಲ್ಲೇ ಗದಗ ಬೇರೆ ಜಿಲ್ಲೆಯಾಯಿತು, ಅವಳ ಬಾಯಲ್ಲಿ ಇನ್ನೂ ಆಗಿಲ್ಲ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಮತ್ತು ಅವ್ವ, ಇಬ್ಬರೇ. ಹಿಂದಿನ ಸೀಟಿನಲ್ಲಿ ಬುತ್ತಿ.

ಅಜ್ಜ 'ಪ್ರೆಸ್ಸಿನ್ಯಾಗ ಇದ್ದ' ಅನ್ನುವುದಷ್ಟೇ ನನಗೆ ಗೊತ್ತಿತ್ತು. ಅವನು ತೀರಿಕೊಂಡಾಗ ನನಗೆ ಏಳು ವರ್ಷ. ನೆನಪಿರುವುದು ಎರಡೇ. ಅವನ ಬೆರಳ ತುದಿಗಳು ಯಾವಾಗಲೂ ಬೂದು ಬಣ್ಣಕ್ಕಿದ್ದವು, ಮತ್ತು ಅಂಗಿಯ ಕಿಸೆಯಲ್ಲಿ ಬೆಲ್ಲದ ಚೂರು ಇರುತ್ತಿತ್ತು. ಬೆಲ್ಲ ನಮಗಾಗಿ ಇಟ್ಟುಕೊಂಡಿರುತ್ತಿದ್ದ ಅಂತ ನಾನು ತಿಳಿದಿದ್ದೆ. ಕಾರಿನಲ್ಲಿ ಅವ್ವ ಹೇಳಿದಳು, ಅದು ಸೀಸಕ್ಕೆ. ದಿನವಿಡೀ ಸೀಸ ಮುಟ್ಟುವವರು ಬೆಲ್ಲ ತಿಂದರೆ ವಿಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಪ್ರೆಸ್ಸಿನವರ ನಂಬಿಕೆ. ಅವನು ಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದ.

ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಮೊಳೆ ಅಂದರೆ ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಎರಕ ಹೊಯ್ದ ಒಂದು ಸಣ್ಣ ಕಡ್ಡಿ. ಅದರ ತುದಿಯಲ್ಲಿ ಒಂದೇ ಒಂದು ಅಕ್ಷರ, ಉಲ್ಟಾ. ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ನೆಟ್ಟಗಾಗುತ್ತದೆ. ಇಂಥ ಮೊಳೆಗಳನ್ನು ಖಾನೆ ಖಾನೆಯ ಮರದ ಕೇಸಿನಲ್ಲಿ ಹಾಕಿಟ್ಟಿರುತ್ತಾರೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಚಿಕ್ಕವು ದೊಡ್ಡವು ಅಂದರೂ ಮುಗಿಯಿತು. ಕನ್ನಡಕ್ಕೆ ಹಾಗಲ್ಲ, ಸ್ವರ, ವ್ಯಂಜನ, ಕಾಗುಣಿತ, ಒತ್ತು, ಎಲ್ಲಕ್ಕೂ ಖಾನೆ ಬೇಕು. ಕಂಪೋಸಿಟರ್ ನಿಂತೇ ಕೆಲಸ ಮಾಡುತ್ತಾನೆ. ಎಡಗೈಯಲ್ಲಿ ಸ್ಟಿಕ್ ಅನ್ನುವ ಲೋಹದ ತಟ್ಟೆ, ಬಲಗೈ ಖಾನೆಯಿಂದ ಖಾನೆಗೆ ಓಡುತ್ತದೆ, ಕಣ್ಣು ಮಾತ್ರ ಬರೆದುಕೊಟ್ಟ ಹಾಳೆಯ ಮೇಲೆ. ಯಾವ ಅಕ್ಷರ ಎಲ್ಲಿದೆ ಅನ್ನುವುದು ಕೈಗೆ ಗೊತ್ತಿರಬೇಕು. ಒಂದು ಪುಟ ಜೋಡಿಸಿ, ಅಚ್ಚಾದ ಮೇಲೆ ಮತ್ತೆ ಆ ಮೊಳೆಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ನಾಳೆ ಅದೇ 'ಕ' ಬೇರೆ ಮಾತಿನೊಳಗೆ ಹೋಗುತ್ತದೆ.

ಅವ್ವ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಅಜ್ಜನಿಗೆ ಬುತ್ತಿ ಒಯ್ಯುತ್ತಿದ್ದಳು. ಕೈಯಲ್ಲಿನ ಸಾಲು ಮುಗಿಯುವ ತನಕ ಅವನು ಊಟಕ್ಕೆ ಬರುತ್ತಿರಲಿಲ್ಲ. ಕಾಗದದ ರೀಮಿನ ಮೇಲೆ, ಅವನ ಎದುರಿಗೆ ಅವಳು ಕೂತಿರುತ್ತಿದ್ದಳು. ಎದುರಿಗೆ ಕೂತದ್ದರಲ್ಲೇ ಗುಟ್ಟಿದೆ. ಜೋಡಿಸುವವನಿಗೆ ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ, ಸಾಲು ಎಡದಿಂದ ಬಲಕ್ಕೆ ಓಡುತ್ತದೆ. ಎದುರಿಗೆ ಕೂತವಳಿಗೆ ತಲೆ ಮೇಲಾಗಿಯೇ ಕಾಣುತ್ತದೆ, ಸಾಲು ಬಲದಿಂದ ಎಡಕ್ಕೆ ಬರುತ್ತದೆ. ಕನ್ನಡಿಯಲ್ಲಿ ಕಂಡ ಹಾಗೆ, ಸರಿಯಾಗಿ ಹಾಗೇ! ಅವ್ವ ಓದಲು ಕಲಿತದ್ದು ಹಾಗೆ, ಆರನೇ ವಯಸ್ಸಿನಲ್ಲಿ, ಹಸಿದ ಅಪ್ಪನ ಎದುರು ಕಾಯುತ್ತಾ.

ಶಾಲೆಯಲ್ಲಿ ಪಾಟಿ ಮೇಲೂ ಹಾಗೇ ಬರೆದಳಂತೆ. ಮಾಸ್ತರು ಗದರಿದರು. ಅಳುತ್ತಾ ಬಂದ ಮಗಳನ್ನು ಅಜ್ಜ ಒಳಗೆ ಕರೆದುಕೊಂಡು ಹೋಗಿ, ಗೋಡೆಯ ಕನ್ನಡಿ ಇಳಿಸಿ, ಪಾಟಿ ಎದುರು ಹಿಡಿದ. "ನೋಡು, ಬರೋಬ್ಬರಿ ಬರದಿ. ಇದು ಪ್ರೆಸ್ಸಿನ ಬರಹ. ಸಾಲಿಯೊಳಗ ಸಾಲಿ ಬರಹ ಬರಿ" ಅಂದನಂತೆ. ಇದನ್ನು ಹೇಳುವಾಗ ಅವ್ವ ಕಿಟಕಿ ಕಡೆ ತಿರುಗಿದ್ದಳು, ಮುಖ ನನಗೆ ಕಾಣಲಿಲ್ಲ.

ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಗೆ ಹೋಗಿ ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ್ದು, ಕರಿಕಲ್ಲಿನ ಕಂಬಗಳು ಬೆಳಗಿನ ಹೊತ್ತು ತಣ್ಣಗಿರುತ್ತವೆ, ಒರಗಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಪಂಪ ಇಲ್ಲಿಯವನು ಅಂತ ಊರವರಿಗೆ ಬಲು ಹೆಮ್ಮೆ. ಅವ್ವನ ಅಣ್ಣಿಗೇರಿ ಮಾತ್ರ ಬೇರೆ. ಮೀಟರ್ ಗೇಜ್ ರೈಲು ಇಲ್ಲಿ ನಿಂತಾಗ ಒಣಮೆಣಸಿನಕಾಯಿ ಘಾಟು ಡಬ್ಬಿಯೊಳಗೆ ಬಂದು ಎಲ್ಲರೂ ಕೆಮ್ಮುತ್ತಿದ್ದರಂತೆ. ಮದುವೆಯಾಗಿ ಹುಬ್ಬಳ್ಳಿಗೆ ಬರುವಾಗ ಆ ಕೆಮ್ಮಿನ ನೆಪದಲ್ಲಿ ಒಂದಿಷ್ಟು ಅತ್ತುಬಿಟ್ಟಳಂತೆ. ಚಹಾ ಕುಡಿದು ಮುಂದೆ ಹೊರಟೆವು.

ಗದಗಿನಲ್ಲಿ ಮೊದಲು ವೀರನಾರಾಯಣ ಗುಡಿ. ಗೋಪುರವನ್ನು ಅವ್ವ ತಲೆ ಎತ್ತಿ ನೋಡಿ ಕೈ ಮುಗಿದಳು, ನೇರ ಒಳಗೆ ನಡೆದಳು. ಅವಳಿಗೆ ಬೇಕಾದದ್ದು ಒಂದು ಕಂಬ. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಕಂಬ. ಕೋಳಿವಾಡದ ನಾರಣಪ್ಪ ಇಲ್ಲಿ ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದ, ಬಟ್ಟೆ ಆರುವ ತನಕ ಪದ್ಯ ಬರುತ್ತಿತ್ತು, ಆರಿದ ಮೇಲೆ ನಿಲ್ಲುತ್ತಿತ್ತು ಅನ್ನುವ ಕಥೆ ಈ ಊರಿನಲ್ಲಿ ಮಕ್ಕಳಿಗೂ ಗೊತ್ತು. ಅವ್ವ ಕಂಬಕ್ಕೆ ಅಂಗೈ ಇಟ್ಟು ಸುಮ್ನೆ ನಿಂತಳು.

ಆಮೇಲೆ ಹೇಳಿದಳು. ಅಜ್ಜನ ಪ್ರೆಸ್ಸಿಗೆ ಒಮ್ಮೆ ಕುಮಾರವ್ಯಾಸನ ಆಯ್ದ ಪದ್ಯಗಳ ಒಂದು ಸಣ್ಣ ಪುಸ್ತಕ ಬಂದಿತ್ತಂತೆ. ಅಜ್ಜ ಓದಿದ್ದು ನಾಲ್ಕನೇ ಇಯತ್ತೆ. ಭಾಮಿನಿ ಷಟ್ಪದಿಯ ಮಾತ್ರೆ ಲೆಕ್ಕ ಅವನಿಗೆ ಯಾರೂ ಕಲಿಸಿರಲಿಲ್ಲ. ಆದರೆ ಆರು ಸಾಲಿನಲ್ಲಿ ಮೂರನೆಯದು ಮತ್ತು ಆರನೆಯದು ಉದ್ದ, ಉಳಿದ ನಾಲ್ಕೂ ಒಂದಕ್ಕೊಂದು ಸಮ ಅನ್ನುವುದನ್ನು ಅವನ ಕೈ ಕಂಡುಕೊಂಡಿತ್ತು. ಒಂದು ಪದ್ಯದಲ್ಲಿ ಸಾಲು ಯಾಕೋ ಗಿಡ್ಡ ಆಯಿತು. ಅಜ್ಜ ಮಾಲೀಕರ ಹತ್ತಿರ ಹೋಗಿ "ಇಲ್ಲಿ ಏನೋ ಬಿಟ್ಟೈತ್ರಿ" ಅಂದ. ಅವರು ಮೂಲ ತೆಗೆಸಿ ನೋಡಿದರು. ಬರೆದುಕೊಟ್ಟವರು ಒಂದು ಶಬ್ದ ಬಿಟ್ಟಿದ್ದರು. ಛಂದಸ್ಸು ಗೊತ್ತಿಲ್ಲದವನು ಛಂದಸ್ಸಿನ ತಪ್ಪು ಹಿಡಿದ. ಇದನ್ನು ಕೇಳಿ ನನಗೆ ಮೈಮೇಲೆ ಮುಳ್ಳೆದ್ದವು. ನಾನು ಕಾಲೇಜಿನಲ್ಲಿ ಭಾಮಿನಿಗೆ ಗಣ ಹಾಕಿ ಅಂಕ ತೆಗೆದುಕೊಂಡವಳು, ಕಿವಿಗೂ ಕೈಗೂ ಅದು ಇಳಿಯಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಹಲಗೆ ಬಳಪ ಹಿಡಿಯದೆ, ಇಟ್ಟ ಪದ ಅಳಿಸದೆ ಬರೆದೆ ಅಂತ ಕುಮಾರವ್ಯಾಸ ತನ್ನ ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ಅಜ್ಜನಿಗೆ ಆ ಮಾತು ಬಹಳ ಇಷ್ಟವಿತ್ತಂತೆ. "ಅಳಿಸೋದು ಎಷ್ಟ ಕಷ್ಟ ಅಂತ ನಾರಣಪ್ಪಗ ಗೊತ್ತಿತ್ತು" ಅನ್ನುತ್ತಿದ್ದನಂತೆ. ಒಂದು ಅಕ್ಷರ ತಪ್ಪಿದರೆ ಕಟ್ಟಿದ ಪುಟ ಸಡಿಲಿಸಿ, ಚಿಮಟದಿಂದ ಮೊಳೆ ಎತ್ತಿ, ಬೇರೆ ಹಾಕಿ, ಸಾಲು ಮತ್ತೆ ಬಿಗಿ ಮಾಡಬೇಕಿತ್ತು. ಪ್ರೂಫಿನಲ್ಲಿ ತಪ್ಪು ಜಾಸ್ತಿ ಬಂದ ದಿನ ಅವನು ಮನೆಗೆ ಬರುವಾಗ ದೀಪ ಹಚ್ಚಿರುತ್ತಿತ್ತು.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಈ ಒಣ ಊರು ಅಕ್ಷರದಲ್ಲಿ ಮಾತ್ರ ಹಸಿರಾಗಿತ್ತು. ಒಣ ಊರು ಅಂದದ್ದು ಯಾಕೆಂದರೆ ಅವ್ವನ ಬಾಲ್ಯದ ಎಲ್ಲ ಕಥೆಯಲ್ಲೂ ಒಂದು ಖಾಲಿ ಕೊಡ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ನೀರು ಯಾವಾಗ ಬರುತ್ತದೆ ಅಂತ ಓಣಿಯೆಲ್ಲ ಕಾಯುತ್ತಿತ್ತು. ಅಜ್ಜ ಸಂಜೆ ಬಂದರೆ ಮೊದಲು ಮಣ್ಣಿನಲ್ಲಿ ಕೈ ತಿಕ್ಕಿಕೊಳ್ಳುತ್ತಿದ್ದ, ಆಮೇಲೆ ಒಂದೇ ಚೊಂಬು ನೀರು. ಆಯಿ, ಅಂದರೆ ನಮ್ಮಜ್ಜಿ, ಮೇಲಿಂದ ಸಣ್ಣಗೆ ಹೊಯ್ಯುತ್ತಿದ್ದಳು. ಆ ನೀರೂ ತುಳಸಿಗೆ ಹೋಗುವ ಹಾಗಿರಲಿಲ್ಲ, ಸೀಸದ ನೀರು ಗಿಡಕ್ಕೆ ಬೇಡ ಅಂತ ದೂರ ಚೆಲ್ಲುತ್ತಿದ್ದರು. ಅಷ್ಟು ನೀರಿನ ಬರದಲ್ಲೂ.

ಪ್ರೆಸ್ಸಿನ ಓಣಿ ಹುಡುಕಲು ಒಂದು ತಾಸು ಹಿಡಿಯಿತು. ಅವ್ವನ ಗುರುತುಗಳೆಲ್ಲ ಹೋಗಿದ್ದವು, ಬೇವಿನ ಗಿಡ ಇಲ್ಲ, ಹಿಟ್ಟಿನ ಗಿರಣಿ ಇಲ್ಲ. ಪ್ರೆಸ್ ಇದ್ದ ಕಡೆ ಈಗ ಮೊಬೈಲ್ ಅಂಗಡಿ. ಹೊಸ ಕಟ್ಟಡ, ಗಾಜಿನ ಬಾಗಿಲು. ಅವ್ವ ಅದರ ಎದುರು ನಿಂತು ನೋಡಿದಳು. ಏನೂ ಅನ್ನಲಿಲ್ಲ. ನಾನೇ "ಹೋಗೂಣೇನವ್ವಾ, ಲಕ್ಕುಂಡಿಗೆ ಬಿಸಲಾಗತೈತಿ" ಅಂದೆ. ಹೊರಟೆವು. ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ, ಅವ್ವ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ಟ್ರೆಡಲ್."

ನನಗೆ ಆಟೋ, ಬೈಕು, ಯಾವುದೋ ಅಂಗಡಿಯ ಹಾಡು, ಇವಿಷ್ಟೇ ಕೇಳುತ್ತಿತ್ತು. ಅವಳು ಕಣ್ಣು ಮುಚ್ಚಿದ್ದಳು. ಹೊಸ ಕಣ್ಣು ಬಂದು ಎರಡು ತಿಂಗಳಾಗಿತ್ತು, ಅವಳು ಅದನ್ನು ಮುಚ್ಚಿಕೊಂಡು ಕೇಳುತ್ತಿದ್ದಳು. ಆಮೇಲೆ ನನಗೂ ಕೇಳಿಸಿತು. ಟಕ್, ಒಂದು ಉಸಿರಿನಷ್ಟು ತಡೆ, ಧಡ್. ಟಕ್, ಧಡ್.

ಎರಡು ಅಂಗಡಿ ಆಚೆ ಒಂದು ಆಫ್‌ಸೆಟ್ ಪ್ರೆಸ್. ಮುಂದೆ ಕಂಪ್ಯೂಟರ್, ಫ್ಲೆಕ್ಸ್ ಬ್ಯಾನರಿನ ಸುರುಳಿ, ಮದುವೆ ಪತ್ರಿಕೆಯ ಮಾದರಿಗಳು. ಸಪ್ಪಳ ಹಿಂದಿನ ಕೋಣೆಯಿಂದ ಬರುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು "ನಮ್ಮಪ್ಪ ಇಲ್ಲೇ ಬಾಜೂಕಿನ ಪ್ರೆಸ್ಸಿನ್ಯಾಗ ಮೊಳಿ ಜೋಡಸತಿದ್ದರಿ. ಮಷಿನ್ ನೋಡಬಹುದೇನ್ರಿ?" ಅಂದಳು. ಅಂಗಡಿಯವರಿಗೆ ಐವತ್ತೈದರ ಮೇಲೆ ವಯಸ್ಸು. ಎದ್ದು ನಿಂತರು. "ಬರ್ರಿ ಅಮ್ಮಾರ, ಕೇಳೋದೇನ್ ಬಂತು" ಅಂತ ಒಳಗೆ ಕರೆದುಕೊಂಡು ಹೋದರು.

ಹಳೆಯ ಟ್ರೆಡಲ್, ಕಾಲಿನಿಂದ ತುಳಿದು ಅಚ್ಚು ಒತ್ತುವ ಯಂತ್ರ, ಈಗ ಮೋಟರು ಕೂಡಿಸಿದ್ದಾರೆ. ಬಿಲ್ ಪುಸ್ತಕಕ್ಕೆ ನಂಬರ್ ಒತ್ತಲು, ಪತ್ರಿಕೆಗೆ ಮಡಿಕೆ ಗೆರೆ ಹಾಕಲು ಮಾತ್ರ ಬಳಸುತ್ತಾರೆ. ಅಕ್ಷರದ ಕೆಲಸ ಅದಕ್ಕಿಲ್ಲ. "ಮೊಳೆಗಳು ಏನಾದವು?" ಅಂತ ನಾನು ಕೇಳಿದೆ. ಆಫ್‌ಸೆಟ್ ಬಂದ ಮೇಲೆ ಎಲ್ಲರೂ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದರು, ಸೀಸಕ್ಕೆ ಒಳ್ಳೆ ರೇಟು ಇತ್ತು ಅಂದರು. ಒಂದು ಕ್ಷಣ ನಿಂತು, ಅಲಮಾರಿ ಮೇಲಿಂದ ಒಂದು ಬಿಸ್ಕಿಟ್ ಡಬ್ಬಿ ಇಳಿಸಿದರು. ಒಳಗೆ ನೂರೋ ನೂರೈವತ್ತೋ ಮೊಳೆ, ಕಲಸುಮೇಲೋಗರ. ತಮ್ಮ ತಂದೆ ಇಟ್ಟಿದ್ದು, ಯಾಕೋ ಕೊಡಲು ಮನಸ್ಸಾಗಲಿಲ್ಲ ಅಂದರು.

ಅವ್ವ ಸ್ಟೂಲಿನ ಮೇಲೆ ಕೂತು ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡಳು. ಒಂದೊಂದೇ ತೆಗೆದು ಬೆರಳ ತುದಿಯಿಂದ ಸವರಿದಳು. "ಳ." ಎತ್ತಿ ನೋಡಿದಳು, ಹೌದು. "ಮ." ಹೌದು. "ಇದು ತ ಒತ್ತು." ಹೌದು. ಎಪ್ಪತ್ತೆರಡರ ಕೈ ಸ್ವಲ್ಪ ನಡುಗುತ್ತದೆ, ಆದರೂ ಒಂದೂ ತಪ್ಪಲಿಲ್ಲ. ಕಂಪ್ಯೂಟರ್ ಮುಂದಿದ್ದ ಹುಡುಗನೂ ಎದ್ದು ಬಂದು ನೋಡುತ್ತಾ ನಿಂತ. ಅಂಗಡಿಯವರು "ಬೇಕಾದ್ದು ತಗೊಳ್ರಿ ಅಮ್ಮಾರ, ನೆನಪಿಗೆ ಇರ್ಲಿ" ಅಂದರು. ಅವ್ವ ತೆಗೆದುಕೊಳ್ಳಲಿಲ್ಲ. "ಒಂದು ಒಯ್ದರ ಖಾನಿ ಖಾಲಿ ಆಕ್ಕೈತ್ರಿ. ಜೋಡಸವ್ರಿಗೆ ತ್ರಾಸ ಆಗತೈತಿ" ಅಂದಳು. ಜೋಡಿಸುವವರು ಯಾರೂ ಇಲ್ಲ ಅಂತ ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು, ಅವಳಿಗೂ.

ಹೊರಡುವ ಮುಂಚೆ ಅವಳು ಮೊಳೆಗಳನ್ನೆಲ್ಲ ಡಬ್ಬಿಯಲ್ಲಿ ಮುಖ ಮೇಲೆ ಮಾಡಿ ನಿಲ್ಲಿಸಿಟ್ಟಳು. ಹತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ವೀರೇಶ್ವರ ಪುಣ್ಯಾಶ್ರಮದ ಎದುರು ಕಾರು ನಿಧಾನ ಮಾಡು ಅಂದಳು. ಒಳಗೆ ಹೋಗಲು ಹೊತ್ತಿರಲಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದ ಜಾಗ. ಕಣ್ಣಿಲ್ಲದ ಎಷ್ಟೋ ಮಕ್ಕಳು ಇಲ್ಲಿ ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಇಲ್ಲಿಯ ಮಕ್ಕಳು ಬೆರಳಿನಿಂದ ಓದುತ್ತಾರೆ ಅಂತ ಕೇಳಿದ ದಿನ ಅಜ್ಜ, ತಾನೂ ಕಣ್ಣು ಮುಚ್ಚಿ ಮೊಳೆ ಗುರುತು ಹಿಡಿಯುತ್ತೇನಾ ಅಂತ ಮನೆಯಲ್ಲಿ ಮಕ್ಕಳ ಮುಂದೆ ಪರೀಕ್ಷೆ ಮಾಡಿಕೊಂಡಿದ್ದನಂತೆ. ಅವ್ವ ಸವರುವುದನ್ನು ಕಲಿತದ್ದು ಆ ಆಟದಲ್ಲಿ. ಕಣ್ಣಿಗೆ ಪೊರೆ ಬಂದ ಎರಡು ವರ್ಷ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೇಗೆ ಗುರುತು ಹಿಡಿಯುತ್ತಿದ್ದಳು, ನಮಗೆ ಯಾಕೆ ಗೊತ್ತಾಗಲಿಲ್ಲ ಅನ್ನುವುದು ಆಗ ನನಗೆ ತಿಳಿಯಿತು.

ಲಕ್ಕುಂಡಿ ಗದಗಿನಿಂದ ಹನ್ನೆರಡು ಕಿಲೋಮೀಟರ್. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅನ್ನುತ್ತಾರೆ. ಅವ್ವ ಚಿಕ್ಕವಳಿದ್ದಾಗ ಒಂದು ಸಲ ಶಾಲೆಯಿಂದ ಬಂದಿದ್ದಳಂತೆ, ನೆನಪಿರುವುದು ಬಾವಿ ಮಾತ್ರ. ಮುಸುಕಿನ ಬಾವಿಯ ಮೆಟ್ಟಿಲು ಇಳಿಯಲು ಮೊಣಕಾಲು ಬಿಡಲಿಲ್ಲ, ಮೇಲೆ ಕೂತೇ ನೋಡಿದಳು. ಮಾಣಿಕೇಶ್ವರ ಗುಡಿಗೆ ಅಂಟಿಕೊಂಡ ಮೆಟ್ಟಿಲು ಬಾವಿ ಅದು. ಇಳಿಯುತ್ತಾ ಹೋದಂತೆ ಗೋಡೆಯಲ್ಲಿ ಚಿಕ್ಕ ಚಿಕ್ಕ ಗುಡಿಯಂಥ ಗೂಡುಗಳು. ನೀರಿಗೆ ಇಷ್ಟು ಚೆಂದದ ಮನೆ ಕಟ್ಟಿದ್ದಾರೆ ಅಂದರೆ ನೀರು ಎಷ್ಟು ದೊಡ್ಡದು ಅಂತ ಆ ಜನಕ್ಕೆ ಗೊತ್ತಿತ್ತು ಅಂತಾಯಿತಲ್ಲ. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಬ್ಬ ಅಜ್ಜಿ ಸುಲಗಾಯಿ, ಅಂದರೆ ಹಸಿ ಕಡಲೆಯ ಕಟ್ಟು ಮಾರುತ್ತಿದ್ದರು, ಎರಡು ಕಟ್ಟು ತೆಗೆದುಕೊಂಡೆವು.

ಬ್ರಹ್ಮ ಜಿನಾಲಯಕ್ಕೆ ಬಂದಾಗ ಮಧ್ಯಾಹ್ನ ಮೂರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಒಳಗೆ ನಾಲ್ಕು ಮುಖದ ಬ್ರಹ್ಮ, ಪದ್ಮಾವತಿ. ಕಂಬಗಳು ತಿರುಗಣಿಯಲ್ಲಿ ತಿರುವಿದಂತೆ ನುಣುಪು. ಅವ್ವ ಬೋರ್ಡು ಪೂರ್ತಿ ಓದಿದಳು, ಕನ್ನಡದ್ದು ಮುಗಿಸಿ ಇಂಗ್ಲಿಷಿನದೂ ಅಕ್ಷರ ಅಕ್ಷರ ಕೂಡಿಸಿ ಓದಿದಳು. ನಾನು ನನಗೆ ಗೊತ್ತಿದ್ದನ್ನು ಹೇಳಿದೆ. ಅತ್ತಿಮಬ್ಬೆ ಗಂಡ ಯುದ್ಧದಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕವಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದವಳು. ಪೊನ್ನ ಬರೆದ ಶಾಂತಿಪುರಾಣ ಕಳೆದುಹೋಗಬಾರದು ಅಂತ ತಾಳೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದವಳು.

"ಸಾವಿರ ಪ್ರತಿ?" ಅವ್ವ ನಿಂತುಬಿಟ್ಟಳು.

"ಸಾವಿರ."

ಅವಳು ಲೆಕ್ಕ ಹಾಕತೊಡಗಿದಳು, ಬೆರಳ ಗೆಣ್ಣು ಎಣಿಸುತ್ತಾ. "ನಮ್ಮಪ್ಪನ ಪ್ರೆಸ್ಸಿನ್ಯಾಗ ಸಾವಿರ ಅಂದ್ರ ಟ್ರೆಡಲ್ ಮ್ಯಾಲ ಒಂದ ಸಲಕ್ಕ ಒತ್ತೋ ಒಂದು ಫಾರಂಗೆ ಒಂದ ತಾಸು, ಬಹಳಂದ್ರ ಒಂದೂವರಿ. ಆದ್ರ ಅಲ್ಲಿ ಜೋಡಸೋದು ಒಂದ ಸಲ, ಒತ್ತೋದು ಸಾವಿರ ಸಲ. ಇಲ್ಲಿ ಸಾವಿರ ಸಲಾನೂ ಮೊದಲಿಂದ ಜೋಡಿಸಿದಂಗ. ಎಷ್ಟ ಮಂದಿ ಕುಂತ ಬರದಿರಬೇಕು! ಎಷ್ಟ ಮಂದಿಗೆ ಬೆನ್ನ ಬಿದ್ದಿರಬೇಕು!" ಅಂದಳು. ಆಮೇಲೆ ಕೇಳಿದಳು, "ಅವ್ರ ಹೆಸರು ಎಲ್ಲೆ ಬರದಾರ?"

ನಾನು ಉತ್ತರ ಕೊಡಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಬರೆದವರ ಹೆಸರು ಇರುತ್ತದೆ, ಪ್ರಕಾಶಕರ ಹೆಸರು ಇರುತ್ತದೆ, ಮುದ್ರಣಾಲಯದ ಹೆಸರು ಊರಿನ ಸಮೇತ ಇರುತ್ತದೆ. ಮುಖಪುಟ ಬರೆದವರದ್ದೂ ಇರುತ್ತದೆ. ಅಜ್ಜ ಮೂವತ್ತು ವರ್ಷ ನಿಂತು ಜೋಡಿಸಿದ. ಪಂಚಾಂಗ, ಶಾಲೆ ಪುಸ್ತಕ, ವಚನ, ನಾಟಕದ ಹ್ಯಾಂಡ್‌ಬಿಲ್ಲು, ಯಾರು ಯಾರದೋ ಮದುವೆ, ಯಾರು ಯಾರದೋ ತಿಥಿ. ಆ ಸೀಸದ ಅಕ್ಷರಗಳಲ್ಲಿ ಅವನ ಹೆಸರು ಒಂದೇ ಸಲ ಅಚ್ಚಾಯಿತು, ಅವ್ವನ ಮದುವೆ ಪತ್ರಿಕೆಯಲ್ಲಿ. ಅದನ್ನು ಅವನೇ ಜೋಡಿಸಿದ್ದ. ಪೆಟ್ಟಿಗೆಯಲ್ಲಿ ಅದೊಂದು ಪ್ರತಿ ಇದೆ, ಅರಿಶಿನ ಹಚ್ಚಿದ ಮೂಲೆ ಮಾಸಿದೆ. ಮನೆಯಲ್ಲಿ ಇದ್ದದ್ದೇ, ನಾನು ಎಷ್ಟೋ ಸಲ ನೋಡಿದ್ದೇ. ಮಗಳ ಹೆಸರಿನ ಒಂದೊಂದು ಅಕ್ಷರವನ್ನೂ ಅವನು ಖಾನೆಯಿಂದ ಹೆಕ್ಕಿ ಇಟ್ಟಿದ್ದು ಅಂತ ಗೊತ್ತಿರಲಿಲ್ಲ.

ನಾನು ಅವ್ವನಿಗೆ ಇನ್ನೊಂದು ಮಾತು ಹೇಳಿದೆ. ಪೊನ್ನನಿಂದ ಶಾಂತಿಪುರಾಣ ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಅನ್ನುವ ಅಣ್ಣತಮ್ಮಂದಿರು. ಆ ಮಲ್ಲಪನ ಮಗಳೇ ಅತ್ತಿಮಬ್ಬೆ. ಅಪ್ಪ ಬರೆಸಿದ ಪುಸ್ತಕವನ್ನು ಮಗಳು ಸಾವಿರ ಮಾಡಿ ಹಂಚಿದಳು.

ಅವ್ವ ಬಹಳ ಹೊತ್ತು ಬಸದಿಯ ಜಗುಲಿ ಮೇಲೆ ಕೂತಿದ್ದಳು. ಸುಲಗಾಯಿ ಸುಲಿಯುತ್ತಾ, ಸಿಪ್ಪೆಯನ್ನು ಸೆರಗಿನಲ್ಲಿ ಹಾಕಿಕೊಳ್ಳುತ್ತಾ. "ಅಪ್ಪನ ಪುಸ್ತಕ ಅಂತ ಮಾಡ್ಯಾಳ" ಅಂದಳು ಕೊನೆಗೆ. ದಾನ, ಧರ್ಮ, ಬಿರುದು, ಬಸದಿ ಎಲ್ಲ ನಾನು ಹೇಳಿದ್ದೆ. ಅವಳಿಗೆ ಅತ್ತಿಮಬ್ಬೆ ತಿಳಿದದ್ದು ಇಷ್ಟರಲ್ಲಿ.

ಎದ್ದು ಹೊರಡುವಾಗ ಪಕ್ಕದ ಸಂಗ್ರಹಾಲಯದಲ್ಲಿ ಶಾಸನದ ಕಲ್ಲುಗಳನ್ನು ನೋಡಿದೆವು. ಹಳಗನ್ನಡದ ದುಂಡು ಲಿಪಿ. ಅವ್ವನಿಗೆ ಓದಲು ಬರಲಿಲ್ಲ, ನನಗೂ ಬರುವುದಿಲ್ಲ. ಆದರೆ ಅವಳು ಮುಖ ಹತ್ತಿರ ತಂದು ನೋಡಿ, "ಸಾಲು ಎಷ್ಟ ನೆಟ್ಟಗ ಕಟ್ಟ್ಯಾನ ನೋಡು, ಒಂದ ಕಡೆ ಸೈತ ಇಳಿದಿಲ್ಲ" ಅಂದಳು.

ವಾಪಸ್ ಬರುವಾಗ ಹುಲಕೋಟಿ ದಾಟುವ ತನಕ ಇಬ್ಬರೂ ಮಾತಾಡಲಿಲ್ಲ. ಜೋಳದ ಹೊಲದ ಮೇಲೆ ಹೊತ್ತು ಇಳಿಯುತ್ತಿತ್ತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ದಿನವಿಡೀ ಅಂಕಿ. ಮನೆಗೆ ಬಂದರೆ ಪುಸ್ತಕ ಹಿಡಿದು ಕೂರುತ್ತೇನೆ, ಹೀಗೆ ಏನಾದರೂ ಬರೆಯುತ್ತೇನೆ. ಈ ಚಟ ಅವ್ವನಿಂದ ಬಂತು ಅಂತ ಗೊತ್ತಿತ್ತು. ಅವ್ವನಿಗೆ ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ, ಅಷ್ಟೇ.

ಹುಬ್ಬಳ್ಳಿ ಹೊಕ್ಕಾಗ ಗದಗ ರಸ್ತೆಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ಎಂಜಿನ್ ಬಂದ್ ಮಾಡಿ ಕೂತೆವು. ನಮ್ಮ ಹಿಂದೆ ಒಂದು ಬಸ್ಸು, ಗಾಜಿನ ಮೇಲೆ ಊರಿನ ಹೆಸರಿನ ಬೋರ್ಡು. ಕನ್ನಡಿಯಲ್ಲಿ ಕಾಣುತ್ತಿತ್ತು.

"ನೀನೂ ಓದಿ ನೋಡು," ಅಂದಳು ಅವ್ವ. "ಬಲಗಡಿಂದ ಬಾ. ಅವಸರ ಮಾಡಬ್ಯಾಡ. ಅಕ್ಷರದ ಬೆನ್ನ ನೋಡಬ್ಯಾಡ, ಹೊಟ್ಟಿ ನೋಡು."

ನಾನು ಬಲಗಡೆಯಿಂದ ಬಂದೆ. ಮೊದಲ ಮೂರು ಅಕ್ಷರ ಬೇಗ ಸಿಕ್ಕವು, ಗದಗ. ಆಮೇಲೆ ಒಂದು ಗೆರೆ. ಆಮೇಲೆ ಕಣ್ಣು ತಡವರಿಸಿತು. ಹು. ಬ. ಳಿ.

"ಹುಬಳಿ," ಅಂದೆ.

"ಒತ್ತು ಬಿಟ್ಟಿ," ಅಂದಳು ಅವ್ವ. "ಎರಡ ಒತ್ತು ಅದಾವ. ಮತ್ತ ನೋಡು."